ಒಳ ಅಂಗಳ, ಹೊರ ಅಂಗಳ: ಬಾಲಿಯ ಕೆಚಕ್ ಆಟದ ಸುತ್ತ

ಬಾಲಿ ದ್ವೀಪದ ದಕ್ಷಿಣದ ಅಂಚಿನಲ್ಲಿ, ಸಮುದ್ರದಿಂದ ಸುಮಾರು 70 ಮೀಟರ್ ಎತ್ತರದ ಕಡಿದಾದ ಬಂಡೆಯ ಮೇಲೆ ಉಲುವಾತು ದೇವಸ್ಥಾನವಿದೆ. ಅದರ ಪಕ್ಕದ ಬಯಲು ರಂಗಮಂದಿರದಲ್ಲಿ ಹೊತ್ತು ಮುಳುಗುವ ವೇಳೆಗೆ ಕೆಚಕ್ ಆಟ ಶುರುವಾಗುತ್ತದೆ. ಟಿಕೆಟ್ ಕೊಂಡ ಪ್ರವಾಸಿಗರು ಮೆಟ್ಟಿಲುಗಳ ಮೇಲೆ ಒತ್ತೊತ್ತಾಗಿ ಕೂತಿರುತ್ತಾರೆ. ಅಂಗಳದ ನಡುವೆ ಕವಲೊಡೆದ ದೀಪದ ಕಂಬ. ಅರ್ಚಕರು ತೀರ್ಥ ಪ್ರೋಕ್ಷಿಸಿ ಹೋದಮೇಲೆ, ಕಪ್ಪು ಬಿಳುಪು ಚೌಕಳಿ ಬಟ್ಟೆ ಉಟ್ಟ ಬರಿಮೈಯ ಹತ್ತಾರು ಗಂಡಸರು ‘ಚಕ್ ಚಕ್’ ಎನ್ನುತ್ತ ಬಂದು ದೀಪದ ಸುತ್ತ ಸುತ್ತುಸುತ್ತಾಗಿ ಕೂರುತ್ತಾರೆ.

ಅಲ್ಲಿ ಒಂದು ವಾದ್ಯವೂ ಇರುವುದಿಲ್ಲ. ಒಬ್ಬ ಬಾಯಲ್ಲೇ ತಾಳ ಹಿಡಿದಿರುತ್ತಾನೆ. ಒಂದು ಗುಂಪು ಬಿಟ್ಟ ಸಂದಿನಲ್ಲಿ ಇನ್ನೊಂದು ಗುಂಪಿನ ‘ಚಕ್’ ಬಂದು ಕೂರುತ್ತದೆ, ಆ ಎರಡರ ನಡುವೆ ಮತ್ತೊಂದು. ಗಮೆಲಾನ್ ಎಂಬ ಅಲ್ಲಿನ ವಾದ್ಯಮೇಳದ ಹೆಣಿಗೆಯನ್ನು ಗಂಟಲಲ್ಲೇ ನೇಯುವ ಕಸುಬು ಇದು. ಸೀತಾಪಹರಣದಿಂದ ಹನುಮಂತನ ಲಂಕಾದಹನದವರೆಗಿನ ಕಥೆಯಲ್ಲಿ ಇದೇ ಗಂಡಸರು ಕಾಡಾಗುತ್ತಾರೆ, ಗಾಳಿಯಾಗುತ್ತಾರೆ, ಕಪಿಸೇನೆಯಾಗುತ್ತಾರೆ. ಹಿಮ್ಮೇಳವೇ ಎದ್ದು ಮುಮ್ಮೇಳವಾಗುವ ಈ ಬಗೆ ನನ್ನ ಮಟ್ಟಿಗೆ ಕೆಚಕ್‌ನ ನಿಜವಾದ ಸಿರಿ.

ಇಷ್ಟು ಹಳೆಯದೆನ್ನಿಸುವ ಈ ಆಟಕ್ಕೆ ನೂರು ವರ್ಷವೂ ತುಂಬಿಲ್ಲ. 1930ರ ದಶಕದಲ್ಲಿ ಬೆದುಲು ಗ್ರಾಮದ ನರ್ತಕ ವಾಯನ್ ಲಿಂಬಾಕ್ ಮತ್ತು ಆಗ ಬಾಲಿಯಲ್ಲಿ ನೆಲೆಸಿದ್ದ ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಇದಕ್ಕೆ ಈಗಿನ ರೂಪ ಬರಲು ಕಾರಣರಾದರು. ಮೂಲದಲ್ಲಿ ಇದ್ದದ್ದು ಸಂಘ್ಯಾಂಗ್ ಎಂಬ ಆಚರಣೆ. ಊರಿಗೆ ಜಾಡ್ಯ ಬಂದಾಗ ಪುಟ್ಟ ಹುಡುಗಿಯರ ಮೈಮೇಲೆ ದೈವ ಬರಿಸಿ, ಅವರ ಸುತ್ತ ಗಂಡಸರು ‘ಚಕ್’ ಎನ್ನುತ್ತಿದ್ದರು. ಆ ದನಿಯನ್ನು ಅಲ್ಲಿಂದ ತಂದು ರಾಮಾಯಣಕ್ಕೆ ಜೋಡಿಸಿದಾಗ ಕೆಚಕ್ ಹುಟ್ಟಿತು.

ಹಾಗಾದರೆ ಇದು ಪ್ರವಾಸಿಗರಿಗಾಗಿ ಕಟ್ಟಿದ ಸುಳ್ಳು ಸಂಪ್ರದಾಯವೇ? ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಹರಕೆಯ ಬಯಲಾಟವನ್ನೂ ಟಿಕೆಟ್ಟಿನ ಡೇರೆ ಆಟವನ್ನೂ ಕಂಡ ನಮ್ಮ ಕರಾವಳಿಯವರಿಗೆ, ದುಡ್ಡು ಕೊಟ್ಟು ನೋಡಿದ ಮಾತ್ರಕ್ಕೆ ಕಲೆ ಕೆಡುವುದಿಲ್ಲ ಎಂಬುದು ಗೊತ್ತು. ಕೆಡುವುದು ಒಂದನ್ನು ಇನ್ನೊಂದೆಂದು ಮಾರಿದಾಗ.

ಬಾಲಿಯ ಜನ ಈ ಅಪಾಯವನ್ನು ಬೇಗ ಗುರುತಿಸಿದರು. ಗುಡಿಯ ನೃತ್ಯಗಳು ಹೋಟೆಲಿನ ಜಗುಲಿಗೆ ಬರತೊಡಗಿದಾಗ, 1971ರಲ್ಲಿ ಅಲ್ಲಿನ ಕಲಾವಿದರೂ ವಿದ್ವಾಂಸರೂ ಕೂತು ಚರ್ಚಿಸಿ ನೃತ್ಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ದೇವರಿಗೆ ಸಲ್ಲುವ ‘ವಾಲಿ’ ಗುಡಿಯ ಒಳ ಅಂಗಳದ್ದು, ಉತ್ಸವದ ಜೊತೆಗೆ ನಡೆಯುವ ‘ಬೆಬಾಲಿ’ ನಡು ಅಂಗಳದ್ದು, ನೋಟಕರಿಗಾಗಿ ಇರುವ ‘ಬಾಲಿಹ್-ಬಾಲಿಹಾನ್’ ಹೊರ ಅಂಗಳದ್ದು. 2015ರಲ್ಲಿ ಯುನೆಸ್ಕೊ ಇದೇ ಮೂರು ವಿಭಾಗಗಳ ಒಂಬತ್ತು ನೃತ್ಯಗಳನ್ನು ತನ್ನ ಪಟ್ಟಿಗೆ ಸೇರಿಸಿತು. ಜಗತ್ತೆಲ್ಲ ಬಲ್ಲ ಕೆಚಕ್ ಆ ಒಂಬತ್ತರಲ್ಲಿ ಇಲ್ಲ. ಅದರ ತಾಯಿಬೇರಾದ ಸಂಘ್ಯಾಂಗ್ ಇದೆ.

ಹಾಗೆಂದು ಈ ಗೆರೆ ಕಲ್ಲಿನ ಗೋಡೆಯಲ್ಲ. ಗುಡಿಯ ಪೆಂಡೆಟ್ ನೃತ್ಯವನ್ನು ಅತಿಥಿಗಳ ಮುಂದೆ ಕುಣಿಸುವುದು ಸರಿಯಲ್ಲವೆಂದು ಅದರ ಬದಲಿಗೆ ‘ಪನ್ಯೆಂಬ್ರಾಮ’ ಎಂಬ ಸ್ವಾಗತ ನೃತ್ಯ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಊರಿನ ಹುಡುಗಿಯರು ಅದನ್ನೇ ಗುಡಿಯೊಳಗೆ ಒಯ್ದು ದೇವರ ಮುಂದೆ ಕುಣಿದರು. ಯಾವುದು ಒಳಗೆ, ಯಾವುದು ಹೊರಗೆ ಎಂಬ ತೀರ್ಮಾನ ಊರಿನವರ ಕೈಯಲ್ಲಿ ಇರುವವರೆಗೆ ಸಂಪ್ರದಾಯಕ್ಕೆ ಉಸಿರಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಉಲುವಾತುವಿನ ಆಟದ ಬಗ್ಗೆ ನನ್ನ ತಕರಾರು ಇರುವುದು ಬೇರೆ ಕಡೆ. ಹೊರ ಅಂಗಳದ ಕಲೆಗೂ ಅದರದೇ ಮರ್ಯಾದೆ ಇದೆ, ಅದು ಇಲ್ಲಿ ತಪ್ಪುತ್ತದೆ. ಹನುಮಂತ ಪ್ರೇಕ್ಷಕರ ನಡುವೆ ನುಗ್ಗಿ ಸೆಲ್ಫಿಗೆ ಮುಖ ಕೊಡುತ್ತಾನೆ, ತಲೆ ಸವರಿ ನಗಿಸುತ್ತಾನೆ. ಆ ಹೊತ್ತಿಗೆ ಗಂಡಸರ ದನಿ ಬರೀ ಹಿನ್ನೆಲೆಯ ಸದ್ದಾಗಿಬಿಡುತ್ತದೆ. ಉರಿಯುವ ತೆಂಗಿನ ಸಿಪ್ಪೆಯನ್ನು ಅವನು ಕಾಲಲ್ಲಿ ಒದ್ದು ಕಿಡಿ ಚಿಮ್ಮಿಸುವಾಗ ಮೈ ಜುಮ್ಮೆನ್ನಬೇಕು. ಆದರೆ ನೂರಾರು ಫೋನುಗಳ ಬೆಳಕಿನಲ್ಲಿ ಆ ಬೆಂಕಿ ಮಂಕಾಗುತ್ತದೆ. ಕತ್ತಲು, ಒಂದು ದೀಪ, ಮನುಷ್ಯರ ಗಂಟಲು: ಈ ಮೂರರಿಂದಲೇ ಕಟ್ಟಿದ ಕಲೆಯಿಂದ ಕತ್ತಲನ್ನು ಕಿತ್ತುಕೊಂಡರೆ ಉಳಿಯುವುದೇನು?

ಪ್ರವಾಸಿಗ ಹೀಗೇ ಇರುತ್ತಾನೆ, ಏನು ಮಾಡುವುದು ಎನ್ನುವವರಿಗೆ ಬಾಲಿಯಲ್ಲೇ ಉತ್ತರವಿದೆ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವ ಅವರ ಶಕ ವರ್ಷದ ಮೊದಲ ದಿನ ನ್ಯೆಪಿ. ಹಿಂದಿನ ಸಂಜೆ ಓಗೋಹ್-ಓಗೋಹ್ ಎಂಬ ದೈತ್ಯ ಗೊಂಬೆಗಳ ಮೆರವಣಿಗೆಯ ಗದ್ದಲ. ಮರುದಿನ ಬೆಂಕಿಯಿಲ್ಲ, ಕೆಲಸವಿಲ್ಲ, ಪ್ರಯಾಣವಿಲ್ಲ, ಮನರಂಜನೆಯಿಲ್ಲ. ವಿಮಾನ ನಿಲ್ದಾಣ 24 ಗಂಟೆ ಮುಚ್ಚಿರುತ್ತದೆ. ‘ಪೆಚಲಾಂಗ್’ ಎಂಬ ಊರ ಕಾವಲುಗಾರರು ಖಾಲಿ ಬೀದಿಗಳಲ್ಲಿ ಗಸ್ತು ತಿರುಗುತ್ತಾರೆ. ಹೋಟೆಲಿನ ಅತಿಥಿಯೂ ಒಳಗೇ ಇರಬೇಕು. ಅವತ್ತು ಪ್ರವಾಸಿಗ ನೋಟಕನಲ್ಲ, ಊರಿನ ವ್ರತದಲ್ಲಿ ಪಾಲುಗಾರ. ದೂರದಿಂದ ಬಂದವರಲ್ಲಿ ಹೆಚ್ಚಿನವರು ಈ ಕಟ್ಟಳೆಗೆ ಒಗ್ಗಿಕೊಳ್ಳುತ್ತಾರೆ, ಎಷ್ಟೋ ಮಂದಿ ಅದನ್ನು ಅನುಭವಿಸಲೆಂದೇ ಬರುತ್ತಾರೆ.

ಹೋಗುವವರು ಉಲುವಾತುವಿಗೆ ಖಂಡಿತ ಹೋಗಿ. ಆ ಗಂಡಸರ ದನಿ ಕೇಳಲೇಬೇಕಾದದ್ದು. ಆಡಿಸುವವರಲ್ಲಿ ನನ್ನದೊಂದು ಕೋರಿಕೆ: ಒಂದು ಹಗಲು, ಒಂದು ರಾತ್ರಿ ವಿಮಾನ ನಿಲ್ದಾಣವನ್ನೇ ಮುಚ್ಚಬಲ್ಲ ನಾಡು ನಿಮ್ಮದು. ಒಂದು ಗಂಟೆ ಫೋನು ಕೆಳಗಿಡಿ ಎಂದು ಹೇಳಲು ನಿಮಗೆ ಸಂಕೋಚ ಬೇಡ.