ಅಂಚಿನ ಸಾಲುಗಳು: ಬಿಜ್ಜರಗಿ ಸೀಮೆಯ ನಕ್ಷೆಗೊಂದು ವ್ಯಾಖ್ಯಾನ

ವಿಜಯಪುರದಿಂದ ತಿಕೋಟಾ ಹಾದು ಅಥಣಿಗೆ ಹೋಗುವವರಿಗೆ ಪುಸ್ತಕದಂಗಡಿಯ ರಸ್ತೆ ಅಟ್ಲಾಸು ಸಾಕು. ಡಾಂಬರು ಬಿಟ್ಟಿಳಿದು ಬಿಜ್ಜರಗಿ ಸೀಮೆಯ ಕಲ್ಲುನೆಲದ ಮಡ್ಡಿಯಲ್ಲಿ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಅದರ ಜೊತೆ ಸರ್ವೇ ಆಫ್ ಇಂಡಿಯಾದ ಹಾಳೆಯೂ ಬೇಕು. ಹಾಳೆ ಬಿಚ್ಚಿದ ಕೂಡಲೇ ಎಲ್ಲರೂ ಹುಡುಕುವುದು ತಮ್ಮೂರಿನ ಹೆಸರನ್ನು. ನಕ್ಷೆ ಓದುವ ಬಗೆಯನ್ನು ಹೇಳಿಕೊಡುವುದು ಮಾತ್ರ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ಮಾತುಗಳು. ಅವನ್ನು ಕನ್ನಡಕ್ಕೆ ತಂದುಕೊಂಡು ಒಂದೊಂದಾಗಿ ಬಿಡಿಸುತ್ತೇನೆ.

ಹಾಳೆ ಸಂಖ್ಯೆ: 47 ಪಿ

ಅಕ್ಷಾಂಶ 16ರಿಂದ 17, ರೇಖಾಂಶ 75ರಿಂದ 76 ಡಿಗ್ರಿಯೊಳಗಿನ ನೆಲ ಎಂದು ಇದರರ್ಥ. ಬಿಜ್ಜರಗಿ, ತಿಕೋಟಾ, ಬಬಲೇಶ್ವರ, ವಿಜಯಪುರ ನಗರ ನಾಲ್ಕೂ ಇದರಲ್ಲಿವೆ. ಈ ಚೌಕವನ್ನು ಮತ್ತೆ 16 ಹಾಳೆಗಳಾಗಿ ಪಾಲು ಮಾಡಿದ್ದಾರೆ. ಎಣಿಕೆ ಮೇಲಿನಿಂದ ಕೆಳಕ್ಕೆ ಸಾಗುತ್ತದೆ; ನಗರ 9ನೇ ಹಾಳೆಯಲ್ಲಿದ್ದರೆ ಬಬಲೇಶ್ವರ ಅದರ ಕೆಳಗಿನ 10ರಲ್ಲಿದೆ. 9ರ ಪಶ್ಚಿಮಕ್ಕೆ ಬರುವ ಹಾಳೆ 5, ಪಟ್ಟಿಯಲ್ಲಿ ಹಿಂದಿರುವ 8 ಅಲ್ಲ. ತರಿಸಿಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು. 2005ರ ರಾಷ್ಟ್ರೀಯ ನಕ್ಷೆ ನೀತಿಯಂತೆ ಜನಬಳಕೆಗೆ ಬಂದ ಹೊಸ ಸರಣಿಯಲ್ಲಿ ಇದೇ ಚೌಕದ ಹೆಸರು ಇ43ಪಿ.

ಸರ್ವೇ ಆದ ವರ್ಷ, ಅಚ್ಚಾದ ವರ್ಷ

ಎರಡೂ ಬೇರೆ ಬೇರೆ ಎಂಬುದನ್ನು ಮರೆಯಬಾರದು. ನೆಲವನ್ನು ನೋಡಿದ್ದು ಮೊದಲನೆಯ ವರ್ಷದಲ್ಲಿ. ಅಟ್ಲಾಸಿನಲ್ಲಿ ವರ್ಷದ ಪುಟ ಹರಿದುಹೋಗಿದ್ದರೂ ವಯಸ್ಸನ್ನು ಊಹಿಸಬಹುದು: ವಿಜಯಪುರದ ಹೆಸರು ಬಿಜಾಪುರ ಎಂದಿದ್ದರೆ ಅದು ಬಹುಶಃ 2014ರ ನವೆಂಬರ್ 1ಕ್ಕಿಂತ ಹಿಂದಿನದು, ತಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾಗಿ ಕಾಣದಿದ್ದರೆ 2018ಕ್ಕಿಂತ ಹಿಂದಿನದು. ಸೊಲ್ಲಾಪುರ ರಸ್ತೆಗೆ 13, ಹುಬ್ಬಳ್ಳಿ ರಸ್ತೆಗೆ 218 ಎಂದು ಬರೆದಿದ್ದರೆ ಇನ್ನೂ ಹಳೆಯದು. ಈಗ ಎರಡೂ ರಾಷ್ಟ್ರೀಯ ಹೆದ್ದಾರಿ 52. ಹಳೆಯದೆಂದು ಬಿಸಾಡಬೇಡಿ. ಹೆದ್ದಾರಿಯ ಸಂಖ್ಯೆ ಬದಲಾದರೂ ಹಳ್ಳ, ದಿಬ್ಬ ಇದ್ದಲ್ಲೇ ಇವೆ.

ಪ್ರಮಾಣ 1:50,000

ಹಾಳೆಯ 2 ಸೆಂಟಿಮೀಟರ್ ನೆಲದ 1 ಕಿಲೋಮೀಟರ್. ಒಂದು ಹಾಳೆ ಉದ್ದಗಲಕ್ಕೆ ಸುಮಾರು 27 ಕಿಲೋಮೀಟರ್ ನೆಲವನ್ನು ತೋರಿಸುತ್ತದೆ.

ಜೋಡುಗೆರೆ ಪಕ್ಕಾ ರಸ್ತೆ, ತುಂಡುಗೆರೆ ಚಕ್ಕಡಿ ಹಾದಿ, ಇನ್ನೂ ಸಣ್ಣದು ಕಾಲುಹಾದಿ

ಇಲ್ಲಿ ನಿಂತು ಓದಬೇಕು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳ ಹುಟ್ಟೂರು ಎಂದು ಬಿಜ್ಜರಗಿಗೆ ಬರುವವರು ಜೋಡುಗೆರೆಯಲ್ಲೇ ಬಂದು ಹೋಗುತ್ತಾರೆ. ಸೀಮೆಯನ್ನು ಕಾಣಬೇಕೆಂದರೆ ತುಂಡುಗೆರೆ ಹಿಡಿಯಬೇಕು. ಆದರೆ ಆ ಗೆರೆಯ ಕೆಳಗೆ ಯಾವ ಮಣ್ಣಿದೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಮಡ್ಡಿಯ ಮೇಲಿನ ಚಕ್ಕಡಿ ಹಾದಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ಕಾಲಿಡುವಂತಾಗುತ್ತದೆ. ಕರಿಮಣ್ಣಿನ ಎರಿ ಹೊಲದ ನಡುವಿನ ಹಾದಿ ಒಂದು ದೊಡ್ಡ ಮಳೆಗೆ ರಾಡಿಯಾಗಿ ದಿನಗಟ್ಟಲೆ ಸೈಕಲ್ ಗಾಲಿಯನ್ನೇ ಕಚ್ಚಿ ಹಿಡಿಯುತ್ತದೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಗುರುತು. ಹಾಗಾಗಿ ಮಳೆಗಾಲದಲ್ಲಿ ಹತ್ತಿರದ ಎರಿಯ ಹಾದಿ ಬಿಟ್ಟು ಸುತ್ತಿನ ಮಡ್ಡಿಯ ಹಾದಿ ಹಿಡಿಯುವುದೇ ಲೇಸು. ಹಾಳೆಯ ಮೇಲೆ ಪೆನ್ಸಿಲಿನಿಂದ ಎರಿ, ಮಡ್ಡಿ ಎಂದು ಗುರುತು ಹಾಕಿಕೊಳ್ಳಿ. ಹೊಲದಲ್ಲಿರುವ ರೈತರನ್ನು ಕೇಳಿದರೆ ಅವರು ತಪ್ಪದೆ ಹೇಳುತ್ತಾರೆ. ಕಾಗದದ ನಕ್ಷೆಯ ದೊಡ್ಡ ಗುಣವೇ ಇದು: ನಾಲ್ಕು ಮಂದಿ ಸುತ್ತ ಕೂತು ಬೆರಳಿಟ್ಟು ತೋರಿಸಬಹುದು, ತಿದ್ದಬಹುದು. ಇನ್ನೊಂದು ಎಚ್ಚರಿಕೆ. ತುಬಚಿ–ಬಬಲೇಶ್ವರ ಏತ ನೀರಾವರಿಯ ಕಾಲುವೆಗಳು ಹಳೆಯ ಹಾಳೆಗಳಲ್ಲಿಲ್ಲ. ಚಕ್ಕಡಿ ಹಾದಿಗೆ ಕಾಲುವೆ ಅಡ್ಡ ಬಂದಿದ್ದರೆ ಸೇತುವೆ ಎಲ್ಲಿದೆ ಎಂದು ಮೊದಲೇ ಕೇಳಿ ಹೊರಡಬೇಕು.

ಹಳ್ಳ: ನೀರಿದ್ದರೆ ನೀಲಿ, ಒಣಗಿದ್ದರೆ ಕಪ್ಪು

ಮಲೆನಾಡಿನ ಹಾಳೆಯಲ್ಲಿ ನೀಲಿ ಗೆರೆಗಳ ಜಾಲವೇ ಇರುತ್ತದೆ. ನಮ್ಮ ಹಾಳೆಯಲ್ಲಿ ಕಪ್ಪು ಗೆರೆಗಳೇ ಹೆಚ್ಚು. ಕಪ್ಪು ಗೆರೆಯನ್ನು ಕಡೆಗಣಿಸಿದವರಿಗೆ ಸೆಪ್ಟೆಂಬರಿನ ಮಳೆಯಲ್ಲಿ ತೊಂದರೆ ತಪ್ಪಿದ್ದಲ್ಲ. ಬೆಳಿಗ್ಗೆ ಒಣಗಿದ್ದ ಹಳ್ಳ ಸಂಜೆಗೆ ಸೊಂಟದುದ್ದ ಹರಿಯಬಹುದು. ಡೋಣಿಯನ್ನೇ ನೋಡಿ. ಜತ್ತ ತಾಲ್ಲೂಕಿನಲ್ಲಿ ಹುಟ್ಟಿ, ಸಾರವಾಡ, ತಾಳಿಕೋಟೆಗಳ ಮೇಲೆ ಹಾದು ಕೃಷ್ಣೆಗೆ ಸೇರುವ ನದಿ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂದು ಹಾಡಿ ಹೊಗಳಿಸಿಕೊಂಡದ್ದು ಅದರ ದಂಡೆಯ ಎರಿ. ಹೂಳು ತುಂಬಿದ ಪಾತ್ರದಿಂದಾಗಿ ಮಳೆ ಜೋರಾದರೆ ಹೊಲಕ್ಕೆ ನುಗ್ಗುತ್ತದೆ, ತಾಳಿಕೋಟೆಯ ತಗ್ಗಿನ ಹಳೆಯ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ನೀರು ಸಾಲದೆಂದು ಡೋಣಿಯನ್ನು ನಂಬಿ ನಡೆಯುವ ಹಾಗೂ ಇಲ್ಲ, ಅದರ ನೀರು ಉಪ್ಪು. ನೀಲಿ ಬಣ್ಣ ನೀರಿದೆ ಎಂದಷ್ಟೇ ಹೇಳುತ್ತದೆ, ಕುಡಿಯಬಹುದೆಂದು ಹೇಳುವುದಿಲ್ಲ. ನೀರಡಿಕೆಗೆ ಊರುಗಳನ್ನೇ ಗುರುತಿಸಿಕೊಳ್ಳಿ. ಹಕ್ಕಿ ನೋಡುವ ಆಸೆಯಿದ್ದವರು ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ನೀಲಿ ಹುಡುಕಲಿ. ಅದು ಆದಿಲಶಾಹಿ ಕಾಲದ ಕೆರೆ.

ಸಮೋನ್ನತಿ ರೇಖೆಗಳ ಅಂತರ 20 ಮೀಟರ್

ಒಂದು ಕಂದು ಗೆರೆಯಿಂದ ಮುಂದಿನದಕ್ಕೆ ಹೋದರೆ 20 ಮೀಟರ್ ಏರಿದಂತೆ ಅಥವಾ ಇಳಿದಂತೆ. ಗೆರೆಗಳು ಒತ್ತೊತ್ತಾಗಿದ್ದರೆ ಏರು ಕಡಿದು. ಅರಕೇರಿಯ ಅಮೋಘಸಿದ್ಧನ ಗುಡ್ಡದಂಥ ಕಡೆ ಇದನ್ನು ಕಾಲೇ ಕಲಿಸುತ್ತದೆ. ಬಯಲಿನಲ್ಲಿ ಎರಡು ಗೆರೆಗಳ ನಡುವೆ ಇಡೀ ಊರೇ ಅಡಗಿರಬಹುದು, ಆಳದ ಕೊರಕಲೂ ಅಡಗಿರಬಹುದು.

ರಾಜ್ಯದ ಗಡಿ

ರಾಜ್ಯವಾರು ಅಟ್ಲಾಸಿನಲ್ಲಿ ಕರ್ನಾಟಕದ ಗೆರೆ ಮುಗಿದಲ್ಲಿ ನಕ್ಷೆಯೂ ಮುಗಿಯುತ್ತದೆ, ಆಚೆ ಬರಿ ಬಿಳಿ. ಗಡಿಸೀಮೆಯ ಬಿಜ್ಜರಗಿಯವರಿಗೆ ಇದರಿಂದ ಪಕ್ಕದ ನೆಲವೇ ಮಾಯ. ಜತ್ತ, ಉಮದಿ, ಸಂಖ ಗಡಿಯ ಆಚೆ ಇದ್ದರೂ ಅಲ್ಲಿ ಕನ್ನಡ ಮಾತಾಡುವವರಿದ್ದಾರೆ, ನೆಂಟಸ್ತಿಕೆಯಿದೆ, ಸಂತೆ ಜಾತ್ರೆಗಳ ಓಡಾಟವಿದೆ. ಡಿಗ್ರಿ ಚೌಕದ ಹಾಳೆ ರಾಜ್ಯ ನೋಡಿ ನಿಲ್ಲುವುದಿಲ್ಲ. ಗಡಿಯ ಗೆರೆ ಎಳೆದು ಆಚೆಯ ಹಳ್ಳ, ಹಾದಿ, ಊರುಗಳನ್ನೂ ಅಷ್ಟೇ ವಿವರವಾಗಿ ಕೊಡುತ್ತದೆ. ಈ ಸೀಮೆಗೆ ಅದೇ ಸರಿಯಾದ ನಕ್ಷೆ. ಪಂಢರಪುರಕ್ಕೆ ನಡೆಯುವವರು 47 ಪಿ ಹಾಳೆಯ ಮೇಲಂಚಿಗೆ 47 ಓ ಹಾಳೆಯನ್ನು ಜೋಡಿಸಿಕೊಳ್ಳಬೇಕು. ಮೇಲೆ ಇಡುವ ಹಾಳೆಯ ಬಿಳಿ ಪಟ್ಟಿಯನ್ನು ಹಿಂದಕ್ಕೆ ಮಡಚಿ, ಎರಡರ 17ನೇ ಅಕ್ಷಾಂಶದ ಗೆರೆಯೂ ಒಂದರ ಮೇಲೊಂದು ಬರುವಂತೆ ಇಡಬೇಕು. ಹಾದಿಯ ಗೆರೆ ಮುರಿಯದೆ ಮುಂದಿನ ಹಾಳೆಗೆ ದಾಟಿದರೆ ಜೋಡಣೆ ಸರಿಯಾಗಿದೆ.