ದೊಡ್ಡ ಕಡತಕ್ಕೆ ಎಂಥ ಪರೀಕ್ಷೆ?

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 'ಕ್ರೆಸ್ಟ್' ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಇಲ್ಲಿಂದಲೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. 2015ರ ಸೆಪ್ಟೆಂಬರ್ 28ರಂದು ಕಕ್ಷೆ ಸೇರಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ಜೋಡಣೆಗೊಂಡದ್ದು ಇಲ್ಲಿ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1ರ ಕರೋನಾದರ್ಶಕ ಸಿದ್ಧಗೊಂಡದ್ದೂ ಇಲ್ಲಿಯೇ. ಇಂಥ ಉಪಕರಣಗಳ ಮಾಹಿತಿಯನ್ನು ಸಂಸ್ಕರಿಸಲು ಇಂದಿನ ವಿದ್ಯಾರ್ಥಿ ಮೊದಲು ಕೈಗೆತ್ತಿಕೊಳ್ಳುವುದು ಪೈಥಾನ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯನ್ನು. ಆ ಭಾಷೆ ದೊಡ್ಡ ಕಡತಗಳನ್ನು ಸರಿಯಾಗಿ ನಿಭಾಯಿಸುತ್ತದೆಯೇ ಎಂದು ನೋಡಲು ಅದರ ಮೂಲ ತಂತ್ರಾಂಶದ ಜೊತೆಯಲ್ಲೇ ಒಂದು ಪರೀಕ್ಷೆ ಬರುತ್ತದೆ. ಅದರ ಹೆಸರು 'ಟೆಸ್ಟ್ ಲಾರ್ಜ್‌ಫೈಲ್'. ಈ ಪರೀಕ್ಷೆಯನ್ನೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಪ್ರಯೋಗದ ಉಪಕರಣವನ್ನು ಪರಿಶೀಲಿಸುವ ನಾವು ಅದರ ಮಾಹಿತಿಯನ್ನು ಓದುವ ತಂತ್ರಾಂಶವನ್ನು ಮಾತ್ರ ನಂಬಿಕೆಯ ಮೇಲೆ ಬಿಡುವುದು ಸರಿಯಲ್ಲ.

ಮೊದಲು ತೊಂದರೆ ಏನೆಂದು ನೋಡೋಣ. ಕಡತದೊಳಗೆ ಪ್ರತಿಯೊಂದು ಬೈಟಿಗೂ ಒಂದು ಸ್ಥಾನಸಂಖ್ಯೆ ಇರುತ್ತದೆ. ಈ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ, ಅದರಲ್ಲೂ ಒಂದು ಬಿಟ್ಟನ್ನು ಧನ-ಋಣ ಚಿಹ್ನೆಗೆ ಮೀಸಲಿಟ್ಟು ಬರೆದರೆ, ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 2,14,74,83,647. ಅಂದರೆ 2 ಗಿಗಾಬೈಟ್‌ಗೆ ಒಂದು ಕಡಿಮೆ. ಅದರ ಮುಂದಿನ ಸಂಖ್ಯೆ ಋಣವಾಗಿಬಿಡುತ್ತದೆ. (2038ರ ಜನವರಿ 19ರಂದು ಹಳೆಯ ಗಣಕಗಳ ಗಡಿಯಾರ ಕೆಡುತ್ತದೆ ಎನ್ನುವುದಕ್ಕೂ ಕಾರಣ ಇದೇ ಸಂಖ್ಯೆ, ಅಲ್ಲಿ ಎಣಿಕೆ ಸೆಕೆಂಡುಗಳದ್ದು.) ಚಿಹ್ನೆಯ ಬಿಟ್ಟನ್ನೂ ಎಣಿಕೆಗೆ ಬಳಸಿದರೆ ಮಿತಿ 4,29,49,67,295ಕ್ಕೆ ಏರುತ್ತದೆ. ಪೆನ್‌ಡ್ರೈವ್‌ಗಳಲ್ಲಿ ಬಳಸುವ ಫ್ಯಾಟ್-32 ವ್ಯವಸ್ಥೆ ಇದಕ್ಕಿಂತ ದೊಡ್ಡ ಕಡತವನ್ನು ಒಪ್ಪುವುದಿಲ್ಲ. ಈ ಎರಡು ಗಡಿಗಳನ್ನೂ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಈ ಗಡಿ ಎಷ್ಟು ಹತ್ತಿರದ್ದು? ಹಾನ್ಲೆಯ ದೂರದರ್ಶಕದ ಜೊತೆ ಆರಂಭದ ವರ್ಷಗಳಿಂದ ದುಡಿದ ರೋಹಿತ ಉಪಕರಣದ ಸಂವೇದಕದಲ್ಲಿ 2048 × 4096 ಚಿತ್ರಬಿಂದುಗಳು. ಬಿಂದುವಿಗೆ 2 ಬೈಟ್‌ನಂತೆ ಒಂದು ಚಿತ್ರಕ್ಕೆ 2ರ 24ನೇ ಘಾತದಷ್ಟು ಬೈಟ್‌ಗಳು. ಇಂಥ 128 ಚಿತ್ರಗಳನ್ನು ಒಂದೇ ಕಡತದಲ್ಲಿ ಪೇರಿಸಿದರೆ ಸರಿಯಾಗಿ 2ರ 31ನೇ ಘಾತ, ಗಡಿ ಮುಟ್ಟಿತು. ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕದ ಸಂವೇದಕ 512 × 512 ಬಿಂದುಗಳದ್ದು. ಅದು ಸೆಕೆಂಡಿಗೆ ಸುಮಾರು 29 ಚೌಕಟ್ಟುಗಳನ್ನು ಓದುತ್ತದೆ. ಬಿಂದುವಿಗೆ 2 ಬೈಟ್ ಎಂದಿಟ್ಟುಕೊಂಡು ಇಡೀ ಚೌಕಟ್ಟುಗಳನ್ನೇ ಕೂಡಿಡುತ್ತ ಹೋದರೆ 4096 ಚೌಕಟ್ಟಿಗೆ, ಅಂದರೆ ಎರಡೂವರೆ ನಿಮಿಷದೊಳಗೆ, ಕಡತ 2 ಗಿಗಾಬೈಟ್ ತಲುಪುತ್ತದೆ. ಫೋಟಾನ್ ಎಣಿಕೆಯ ವಿಧಾನದಲ್ಲಿ ಚೌಕಟ್ಟಿನ ಬದಲು ಫೋಟಾನ್ ಬಿದ್ದ ಸ್ಥಾನಗಳನ್ನು ಮಾತ್ರ ಭೂಮಿಗೆ ಕಳುಹಿಸುವುದರಿಂದ ಎಷ್ಟು ಉಳಿತಾಯವೆಂದು ನೀವೇ ಲೆಕ್ಕ ಹಾಕಬಹುದು. 2018ರಿಂದ ಆಸ್ಟ್ರೋಸ್ಯಾಟ್‌ನ ಮಾಹಿತಿ ಸಾರ್ವಜನಿಕರಿಗೆ ತೆರೆದಿದೆ. ದೊಡ್ಡಬಳ್ಳಾಪುರದ ಬಿ.ಎಸ್ಸಿ. ವಿದ್ಯಾರ್ಥಿಯೂ ಅದನ್ನು ತರಿಸಿಕೊಳ್ಳಬಹುದು.

ಈಗ ಪರೀಕ್ಷೆಗೆ ಬರೋಣ. ಪೈಥಾನ್ 2.0 ಹೊರಬಂದ 2000ದ ಕಾಲದಿಂದಲೂ ಅದರ ತಿರುಳು ಒಂದೇ. ಹೊಸ ಕಡತ ತೆರೆದು ಸೊನ್ನೆಯ ಸ್ಥಾನದಲ್ಲಿ 'ಝಡ್' ಅಕ್ಷರ ಬರೆಯುತ್ತದೆ. ಒಮ್ಮೆಲೇ 250 ಕೋಟಿಯ ಸ್ಥಾನಕ್ಕೆ ಜಿಗಿದು 'ಎ' ಬರೆಯುತ್ತದೆ. ಕಡತದ ಗಾತ್ರ 2,50,00,00,001 ಬೈಟ್ ಎಂದು ಕಾರ್ಯಾಚರಣ ವ್ಯವಸ್ಥೆ ಒಪ್ಪುತ್ತದೆಯೇ ಎಂದು ಕೇಳುತ್ತದೆ. ಬಳಿಕ ಹಿಂದಕ್ಕೂ ಮುಂದಕ್ಕೂ ಜಿಗಿದು ಎರಡೂ ಅಕ್ಷರಗಳನ್ನು ಓದಿ ನೋಡುತ್ತದೆ, ಕೊನೆಗೆ ಕಡತವನ್ನು ಮೊಟಕುಗೊಳಿಸಿ ನೋಡುತ್ತದೆ. ಲಿನಕ್ಸ್‌ನಲ್ಲಿ ಇದೆಲ್ಲ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ನಡುವಿನ ಜಾಗ ಡಿಸ್ಕಿನ ಮೇಲೆ ಇರುವುದೇ ಇಲ್ಲ, ಅದು ಬರೀ ರಂಧ್ರ. ಎರಡೂವರೆ ಗಿಗಾಬೈಟ್ ಎನಿಸಿಕೊಳ್ಳುವ ಕಡತ ಸಾಮಾನ್ಯವಾಗಿ 8 ಕಿಲೋಬೈಟ್ ಜಾಗ ಹಿಡಿಯುತ್ತದೆ.

ಈ ಉಪಾಯ ನನಗೆ ಮೆಚ್ಚುಗೆಯಾಗಿದೆ. ಪೈಥಾನ್‌ನ ಪೂರ್ಣಾಂಕಕ್ಕೆ ಮಿತಿಯಿಲ್ಲ. ಆದ್ದರಿಂದ ನೀವು ಬರೆದ ಸಾಲುಗಳಲ್ಲಿ ತಪ್ಪು ಕಾಣುವುದಿಲ್ಲ. ಸಂಖ್ಯೆ ಕತ್ತರಿಸಿ ಹೋಗುವುದು ಕೆಳಗಿನ ಸಿ ಭಾಷೆಯ ಪದರಕ್ಕೆ ಅದನ್ನು ಒಪ್ಪಿಸುವಾಗ. ಆ ಒಪ್ಪಿಸುವಿಕೆಯನ್ನು ಮಾತ್ರ ಪ್ರತ್ಯೇಕಿಸಿ, ಖರ್ಚಿಲ್ಲದೆ ಪರೀಕ್ಷಿಸಿದ್ದಾರೆ. ಆದರೆ ಇದು ಹೊಸ ಸೇತುವೆಯ ಉದ್ದ ಅಳೆದು ಬಂದಂತೆ. ನೆಲಮಂಗಲದ ಹೆದ್ದಾರಿಯಲ್ಲಿ ಓಡುವಂಥ ಲೋಡಾದ ಲಾರಿಯನ್ನು ಅದರ ಮೇಲೆ ಇನ್ನೂ ಬಿಟ್ಟಿಲ್ಲ. ಇತ್ತೀಚಿನ ಆವೃತ್ತಿಗಳಲ್ಲಿ ಕಡತವನ್ನು ನಕಲಿಸಿ ನೋಡುವ ಭಾಗ ಸೇರಿದೆ. ಅಲ್ಲಿಯೂ ಹೋಲಿಸುವುದು ತಲೆ ಮತ್ತು ಬಾಲದ ಕೆಲವು ಬೈಟ್‌ಗಳನ್ನು ಮಾತ್ರ.

ನನ್ನ ಮುಖ್ಯ ಆಕ್ಷೇಪ 250 ಕೋಟಿ ಎಂಬ ಆಯ್ಕೆಯ ಬಗ್ಗೆ. ಅದು ಮೊದಲ ಗಡಿಯನ್ನು ದಾಟುತ್ತದೆ, ಎರಡನೆಯದನ್ನು ದಾಟುವುದಿಲ್ಲ. ಯಾರಾದರೂ ಸ್ಥಾನಸಂಖ್ಯೆಯನ್ನು ಚಿಹ್ನೆಯಿಲ್ಲದ 32 ಬಿಟ್‌ಗಳಲ್ಲಿ ಇಟ್ಟಿದ್ದರೆ ಈ ಪರೀಕ್ಷೆಯಲ್ಲಿ ಅವರ ತಂತ್ರಾಂಶ ಪೂರ್ಣ ಅಂಕ ಪಡೆಯುತ್ತದೆ, 4 ಗಿಗಾಬೈಟ್ ದಾಟಿದೊಡನೆ ಕೆಡುತ್ತದೆ. ಕೆಡುವ ರೀತಿಯಲ್ಲೂ ವ್ಯತ್ಯಾಸವಿದೆ. ಚಿಹ್ನೆಯುಳ್ಳ 32 ಬಿಟ್‌ನಲ್ಲಿ 250 ಕೋಟಿ −1,79,49,67,296 ಆಗುತ್ತದೆ. ಋಣ ಸ್ಥಾನಕ್ಕೆ ಜಿಗಿ ಎಂದರೆ ವ್ಯವಸ್ಥೆ ಕೂಡಲೇ ನಿರಾಕರಿಸುತ್ತದೆ, ದೋಷ ಬಯಲಾಗುತ್ತದೆ. 500 ಕೋಟಿ ಹಾಗಲ್ಲ. ಅದು ಸುತ್ತಿ ಬಂದು 70,50,32,704 ಎಂಬ ಸಭ್ಯ ಧನಸಂಖ್ಯೆಯಾಗುತ್ತದೆ. ದೂರು ಹೇಳದೆ ಹಳೆಯ ಮಾಹಿತಿಯ ಮೇಲೆಯೇ ಹೊಸದನ್ನು ಬರೆದುಬಿಡುತ್ತದೆ. ಒಂದು ರಾತ್ರಿಯ ವೀಕ್ಷಣೆ ಹೀಗೆ ಹಾಳಾದರೆ ಗೊತ್ತಾಗುವುದು ತಿಂಗಳುಗಳ ನಂತರ, ಗೊತ್ತಾದರೆ. ಸದ್ದಿಲ್ಲದ ಈ ದೋಷವನ್ನು ಹಿಡಿಯುವುದಕ್ಕೇ ಪರೀಕ್ಷೆ ಬೇಕಾಗಿರುವುದು. 2000ದಲ್ಲಿ ಫ್ಯಾಟ್-32 ಡಿಸ್ಕುಗಳು ಎಲ್ಲೆಡೆ ಇದ್ದುದರಿಂದ 4 ಗಿಗಾಬೈಟ್‌ನ ಕೆಳಗೇ ನಿಂತಿರಬೇಕು ಎಂದು ನನ್ನ ಊಹೆ. ಇಂದು ಆ ಸಂಕೋಚಕ್ಕೆ ಕಾರಣವಿಲ್ಲ.

ಎರಡನೆಯ ಆಕ್ಷೇಪ ಗಡಿಯದ್ದು. ಖಗೋಳ ಮಾಹಿತಿಗೆ 1981ರಿಂದ ಬಳಕೆಯಲ್ಲಿರುವ ಫಿಟ್ಸ್ ಕ್ರಮದಲ್ಲಿ ಕಡತ 2880 ಬೈಟ್‌ಗಳ ಖಂಡಗಳಾಗಿರುತ್ತದೆ. ಸೊನ್ನೆಯಿಂದ ಎಣಿಸಿದರೆ 7,45,654ನೇ ಖಂಡ ಶುರುವಾಗುವುದು 2,14,74,83,520ರಲ್ಲಿ. ಅದರ ಮೊದಲ 128 ಬೈಟ್ ಗಡಿಯ ಈಚೆಗೆ, ಉಳಿದ 2752 ಆಚೆಗೆ. ನಿಜವಾದ ಕೆಲಸದಲ್ಲಿ ಇಂಥ ಖಂಡವನ್ನು ಒಂದೇ ಸಲಕ್ಕೆ ಓದಬೇಕಾಗುತ್ತದೆ. ಗಡಿಗೆ ಅಡ್ಡಲಾಗಿ ಬರೆದು, ಬರೆದದ್ದನ್ನೇ ಮರಳಿ ಓದುವ ಹೆಜ್ಜೆ ಪರೀಕ್ಷೆಯ ಮುಖ್ಯ ಭಾಗದಲ್ಲಿ ಇಲ್ಲ. ಗಡಿಯನ್ನು ನೇರವಾಗಿ ಮುಟ್ಟುವ ಒಂದು ಚಿಕ್ಕ ಭಾಗವಿದೆ: 2ರ 31ನೇ ಘಾತ, ಅದಕ್ಕೆ ಒಂದು ಕಡಿಮೆ, ಒಂದು ಹೆಚ್ಚು ಈ ಮೂರು ಸ್ಥಾನಗಳಲ್ಲಿ ನಿಂತು 'ಈ ಕಡತದಲ್ಲಿ ಜಿಗಿಯಬಹುದೇ?' ಎಂದು ಕೇಳುವುದು. ಸ್ಥಾನಸಂಖ್ಯೆ ಕತ್ತರಿಸಿ ಋಣವಾದಾಗ 'ಜಿಗಿಯಲಾಗದು' ಎಂಬ ತಪ್ಪು ಉತ್ತರ ಬರುತ್ತಿತ್ತು. ಆ ದೋಷ ಸಿಕ್ಕ ಮೇಲೆ ಇದನ್ನು ಸೇರಿಸಿದರು. ಇಡೀ ಪರೀಕ್ಷೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲುಗಳು ಇವೇ. ಮೂರು ಬಿಂದುಗಳಲ್ಲಿ ಅಳೆಯುವ ಈ ಪದ್ಧತಿಯನ್ನು ಉಳಿದ ಭಾಗಗಳಿಗೂ ಯಾಕೆ ಅನ್ವಯಿಸಲಿಲ್ಲವೋ!

ಇನ್ನೊಂದು ಮಾತು ಅಧ್ಯಾಪಕರಿಗೆ. ವಿಂಡೋಸ್ ಮತ್ತು ಆಪಲ್ ಗಣಕಗಳಲ್ಲಿ ಈ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಅಲ್ಲಿ ರಂಧ್ರವಿಲ್ಲದೆ ಇಡೀ ಕಡತ ತುಂಬಬೇಕಾದೀತು, ಬಹಳ ಹೊತ್ತು ಹಿಡಿದೀತು ಎಂದು 'ಲಾರ್ಜ್‌ಫೈಲ್' ಆಯ್ಕೆಯನ್ನು ಕೇಳಿ ಕೊಟ್ಟರೆ ಮಾತ್ರ ಓಡುತ್ತದೆ. ಇಲ್ಲವಾದರೆ 'ಬಿಡಲಾಗಿದೆ' ಎಂಬ ಒಂದು ಸಾಲು. ಪರೀಕ್ಷೆಗೆ ಗೈರುಹಾಜರಾದವನನ್ನು ನಾವು ಉತ್ತೀರ್ಣನೆಂದು ಬರೆಯುವುದಿಲ್ಲ. ನಿಮ್ಮ ಪ್ರಯೋಗಾಲಯದಲ್ಲಿ ವಿಂಡೋಸ್ ಇದ್ದರೆ ಆ ಸಾಲನ್ನು ಹುಡುಕಿ ನೋಡಿ.

ಲಿನಕ್ಸ್ ಗಣಕವೊಂದು ಸಿಕ್ಕರೆ ವಿದ್ಯಾರ್ಥಿಗಳಿಂದಲೇ ಇದನ್ನು ತಿದ್ದಿಸಬಹುದು. ಪರೀಕ್ಷೆಯ ಒಂದು ಪ್ರತಿ ಮಾಡಿಕೊಂಡು ಗಾತ್ರವನ್ನು 500 ಕೋಟಿ ಮಾಡಿ. 70,50,32,704ರಲ್ಲಿ ಬೇರೊಂದು ಅಕ್ಷರವನ್ನು ಮೊದಲೇ ಬರೆದಿಟ್ಟು, ಕೊನೆಯಲ್ಲಿ ಅದು ಹಾಗೆಯೇ ಇದೆಯೇ ಎಂದು ಓದಿಸಿ. ಎರಡೂ ಗಡಿಗಳಿಗೆ ಅಡ್ಡಲಾಗಿ 2880 ಬೈಟ್‌ಗಳ ಗುರುತಿನ ಸಾಲೊಂದನ್ನು ಬರೆದು ಮರಳಿ ಓದಿಸಿ. ಆರಂಭದಲ್ಲಿ, ಡಿಸ್ಕು ದೊಡ್ಡ ಕಡತವನ್ನು ಒಪ್ಪುತ್ತದೆಯೇ ಎಂದು 2,14,74,83,649ರಲ್ಲಿ ಒಂದು ಬೈಟ್ ಬರೆದು ನೋಡುವ ಸಾಲಿದೆ. ಅದನ್ನೂ 500 ಕೋಟಿಗೆ ಏರಿಸಬೇಕು. ಇಲ್ಲವಾದರೆ ಫ್ಯಾಟ್-32 ಪೆನ್‌ಡ್ರೈವ್ ಆ ಬಾಗಿಲನ್ನು ದಾಟಿ ಒಳಬಂದು, ಪೈಥಾನ್‌ನದಲ್ಲದ ತಪ್ಪನ್ನು ಪೈಥಾನ್‌ನ ತಲೆಗೆ ಕಟ್ಟುತ್ತದೆ.