ವೈನ್ ವರ್ಗೀಕರಣ: ಅಳೆದದ್ದೇನು?

ವಿಜಯನಗರದ ಹಣ್ಣಿನ ಗಾಡಿಗಳಲ್ಲಿ ಬೀಜವಿರುವ, ದಪ್ಪ ಸಿಪ್ಪೆಯ ಕಪ್ಪು ದ್ರಾಕ್ಷಿಯನ್ನು ನೀವು ನೋಡಿರುತ್ತೀರಿ. ಅದೇ ‘ಬೆಂಗಳೂರು ನೀಲಿ’. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ತಳಿ. ವೈನ್ ಬಲ್ಲವರ ಪಂಕ್ತಿಯಲ್ಲಿ ಮಾತ್ರ ಇದಕ್ಕೆ ಕೆಳಗಿನ ಸ್ಥಾನ. ಏಕೆ?

ವೈನ್‌ನ ಕೆಲವು ವರ್ಗೀಕರಣಗಳು ವೈಜ್ಞಾನಿಕವೇ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆಯೊಡನೆ ಹುದುಗಿಸಿದರೆ ಕೆಂಪು ವೈನ್; ರಸವನ್ನು ಬೇರ್ಪಡಿಸಿ ಹುದುಗಿಸಿದರೆ ಬಿಳಿ. ಯೀಸ್ಟ್ ಬಳಸದೆ ಉಳಿದ ಸಕ್ಕರೆಯ ಪ್ರಮಾಣದಿಂದ ‘ಸಿಹಿ’ ಅಥವಾ ‘ಡ್ರೈ’. ಕರಗಿದ ಇಂಗಾಲದ ಡೈಆಕ್ಸೈಡಿನ ಒತ್ತಡದಿಂದ ನೊರೆಯುಕ್ಕುವ ವೈನ್. ಇವನ್ನೆಲ್ಲ ಪರೀಕ್ಷಿಸಿ ನೋಡಬಹುದು. ಜಾರ್ಜಿಯಾ ದೇಶದ ಸುಮಾರು 8000 ವರ್ಷ ಹಳೆಯ ಮಡಕೆ ಚೂರುಗಳಲ್ಲಿ ವೈನ್ ಪತ್ತೆಯಾದದ್ದೂ ಟಾರ್ಟಾರಿಕ್ ಆಮ್ಲದ ಕುರುಹಿನಿಂದ.

ಆದರೆ ಫ್ರಾನ್ಸಿನ ಬೋರ್ಡೋ ಪ್ರದೇಶದ 1855ರ ಪ್ರಸಿದ್ಧ ಪಟ್ಟಿಯನ್ನು ಗಮನಿಸಿ. ದಲ್ಲಾಳಿಗಳು ಮುಖ್ಯವಾಗಿ ಮಾರುಕಟ್ಟೆಯ ಬೆಲೆ ನೋಡಿ ಕೆಂಪು ವೈನ್‌ಗಳನ್ನು ಐದು ದರ್ಜೆಗಳಲ್ಲಿ ಹಂಚಿದರು. 1973ರಲ್ಲಿ ಮೂತೋನ್ ತೋಟಕ್ಕೆ ಬಡ್ತಿ ದೊರೆತದ್ದನ್ನು ಬಿಟ್ಟರೆ ದರ್ಜೆಗಳು ಹೆಚ್ಚು ಬದಲಾಗಿಲ್ಲ. ಮತ್ತೆ ಮತ್ತೆ ಪರೀಕ್ಷಿಸದ ಅಳತೆಯನ್ನು ಭೌತಶಾಸ್ತ್ರ ಒಪ್ಪುವುದಿಲ್ಲ.

ನಮ್ಮ ದ್ರಾಕ್ಷಿಗೆ ಆದದ್ದೂ ಇಂಥದ್ದೇ. ಅಮೆರಿಕದ ಲ್ಯಾಬ್ರುಸ್ಕಾ ಪ್ರಭೇದದ ನಂಟಿರುವ ತಳಿಗಳ ಗಾಢ ಪರಿಮಳವನ್ನು ಪಾಶ್ಚಾತ್ಯ ರುಚಿಗಾರರು ‘ನರಿವಾಸನೆ’ ಎಂದು ಹಳಿದರು. ಆಮ್ಲ ಹೆಚ್ಚು ಎಂದಿದ್ದರೆ ಅಳೆದು ನೋಡಬಹುದಿತ್ತು. ‘ನರಿವಾಸನೆ’ ರೂಢಿಯ ಮಾತು, ಅಳತೆಯಲ್ಲ. ಅದರ ಬೆಲೆ ತೆರುವವನು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಬೆಳೆಗಾರ.

ಶಿಕ್ಷಕರೇ, ಯಾವುದೇ ವರ್ಗೀಕರಣವನ್ನು ಬೋಧಿಸುವ ಮೊದಲು ಮಕ್ಕಳಿಂದ ಈ ಪ್ರಶ್ನೆ ಕೇಳಿಸಿ: ಇಲ್ಲಿ ಅಳೆದದ್ದೇನು?